ಕರೆಂಟ್ ಸಂಘದ ಬಗ್ಗೆ ನಾನು ಪ್ರಬಂಧ ಬರೆದದ್ದು

2019ರಲ್ಲಿ ಸಂಕೇಶ್ವರದಲ್ಲಿ ಏಳನೇ ಕ್ಲಾಸ್ ಮುಗಿಸಿ ಅಪ್ಪ ಅಮ್ಮನ ಜೊತೆ ಅಮೆರಿಕದ ಟೆಕ್ಸಸ್‌ಗೆ ಬಂದೆ. ಆಸ್ಟಿನ್ ದಾಟಿ ಪಶ್ಚಿಮಕ್ಕೆ ಹೋದರೆ ಹಿಲ್ ಕಂಟ್ರಿ ಅನ್ನುವ ಗುಡ್ಡಗಳ ಸೀಮೆ. ನಮ್ಮ ಮನೆ ಅಲ್ಲಿ. ನಮಗೆ ಕರೆಂಟ್ ಕೊಡುವುದು ಒಂದು ಸಹಕಾರಿ ಸಂಘ. ನಾನು ಹನ್ನೊಂದನೇ ಕ್ಲಾಸಿನಲ್ಲಿದ್ದಾಗ ಅವರು ವಿದ್ಯಾರ್ಥಿಗಳಿಗೆ ಪ್ರಬಂಧ ಸ್ಪರ್ಧೆ ಇಟ್ಟರು. ಸಂಘ ತನ್ನ ಊರುಗಳ ಜನರಿಗೆ ಹೇಗೆ ನೆರವಾಗುತ್ತದೆ ಅನ್ನುವುದು ವಿಷಯ. ಐನೂರು ಪದ ಮೀರಬಾರದು. ಗೆದ್ದರೆ ಜೂನ್‌ನಲ್ಲಿ ವಾಷಿಂಗ್ಟನ್ ಪ್ರವಾಸ.

ಮೊದಲ ಕರಡನ್ನು ಒಂದೇ ರಾತ್ರಿ ಬರೆದೆ. ಬರೀ ಇತಿಹಾಸ. 1930ರ ದಶಕದಲ್ಲಿ ಇಲ್ಲಿನ ಹತ್ತು ಹಳ್ಳಿಮನೆಗಳಲ್ಲಿ ಸುಮಾರು ಒಂಬತ್ತಕ್ಕೆ ಕರೆಂಟ್ ಇರಲಿಲ್ಲ. ದೂರ ದೂರ ಇರುವ ಮನೆಗಳಿಗೆ ತಂತಿ ಎಳೆದರೆ ಲಾಭವಿಲ್ಲ ಅಂತ ಕಂಪನಿಗಳು ಬರುತ್ತಿರಲಿಲ್ಲ. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣಕ್ಕೆಂದೇ ಒಂದು ಇಲಾಖೆ ಮಾಡಿದರು. ರೈತರು ಸಂಘ ಕಟ್ಟಿಕೊಂಡು ಅದರಿಂದ ಸಾಲ ತೆಗೆದರು. ಸಾಲ ಸಿಗಲು ಮೈಲಿಗೆ ಮೂರು ಮನೆಯಾದರೂ ಬೇಕಿತ್ತು, ನಮ್ಮ ಸೀಮೆಯಲ್ಲಿ ಅಷ್ಟೂ ಸಿಗುತ್ತಿರಲಿಲ್ಲ. ಆದರೂ ಮುಂದೆ ಅಮೆರಿಕದ ಅಧ್ಯಕ್ಷರಾದ ಲಿಂಡನ್ ಜಾನ್ಸನ್ ಹಟ ಹಿಡಿದು, ರೂಸ್‌ವೆಲ್ಟ್‌ರವರೆಗೂ ಹೋಗಿ, 1938ರಲ್ಲಿ ಇಲ್ಲಿನ ಪೆಡರ್ನಾಲಿಸ್ ಅನ್ನುವ ವಿದ್ಯುತ್ ಸಂಘಕ್ಕೆ ಸಾಲ ಕೊಡಿಸಿದರು. ಆಗ ಅವರಿನ್ನೂ ಬರೀ ಸಂಸದ.

ನಮ್ಮ ಇಂಗ್ಲಿಷ್ ಟೀಚರ್ ಓದಿ, "ತಪ್ಪೇನಿಲ್ಲ. ಆದರೆ ಇದರಲ್ಲಿ ಒಬ್ಬ ಮನುಷ್ಯನೂ ಕಾಣ್ತಿಲ್ಲವಲ್ಲ" ಅಂದರು. ನನಗೆ ಅಳುವೇ ಬಂತು. ಆದರೆ ಅವರು ಹೇಳಿದ್ದು ನಿಜ.

ಮಾರನೇ ದಿನ ಪಕ್ಕದ ತೋಟದ ಅಜ್ಜಿಯ ಮನೆಗೆ ಹೋದೆ. ಅವರಿಗೆ ತೊಂಬತ್ತು ದಾಟಿತ್ತು. ಕರೆಂಟ್ ಬಂದದ್ದು ನೆನಪಿದೆಯಾ ಅಂತ ಕೇಳಿದೆ. ಅವರು ಬಲ್ಬಿನ ಮಾತೇ ಎತ್ತಲಿಲ್ಲ. ಇಸ್ತ್ರಿ ಪೆಟ್ಟಿಗೆಯ ಬಗ್ಗೆ ಹೇಳಿದರು. ಉರಿ ಬೇಸಿಗೆಯಲ್ಲೂ ಸೌದೆ ಒಲೆ ಹಚ್ಚಿ ಕಬ್ಬಿಣದ ಇಸ್ತ್ರಿ ಕಾಯಿಸಬೇಕಿತ್ತಂತೆ. ಅವರ ಅಮ್ಮನ ಅಂಗೈ ತುಂಬ ಸುಟ್ಟ ಕಲೆ. ನೀರಿನ ಬಕೆಟ್ ಹೊತ್ತು ಹೊತ್ತು ಆಕೆಯ ಬೆನ್ನು ಸಣ್ಣ ವಯಸ್ಸಿಗೇ ಬಾಗಿತ್ತು. ನಾನು ಒಂದೇ ಪ್ರಶ್ನೆ ಕೇಳಿ ಸುಮ್ನೆ ಕೂತೆ. ಅವರು ಒಂದು ಗಂಟೆ ಮಾತಾಡಿದರು. ನೀವೂ ಇಂಥ ಪ್ರಬಂಧ ಬರೆಯುವುದಾದರೆ ಮೊದಲು ಹಿರಿಯರ ಹತ್ತಿರ ಹೋಗಿ, ಆಮೇಲೆ ಪುಸ್ತಕ ತೆಗೆಯಿರಿ.

ಅಷ್ಟರಲ್ಲಿ 2023ರ ಜನವರಿ ಕೊನೆಗೆ ಐಸ್ ಮಳೆ ಬಂತು. ಓಕ್ ಮರದ ಕೊಂಬೆಗಳ ಮೇಲೆ ಮಂಜುಗಡ್ಡೆ ಕಟ್ಟಿ, ಭಾರ ತಾಳಲಾರದೆ ಮುರಿದು ತಂತಿ ಮೇಲೆ ಬಿದ್ದವು. ರಾತ್ರಿಯೆಲ್ಲ ಪಟಾಕಿ ಹೊಡೆದಂಥ ಸದ್ದು. ನಮ್ಮ ಮನೆಯಲ್ಲಿ ನಾಲ್ಕು ದಿನ ಕರೆಂಟ್ ಇಲ್ಲ. ಮೂರನೇ ದಿನ ನಮ್ಮ ರಸ್ತೆಗೆ ಬಂದ ಟ್ರಕ್ ಮೇಲೆ ಬೇರೆ ಸಂಘದ ಹೆಸರಿತ್ತು. ಒಂದು ಸಂಘಕ್ಕೆ ಕಷ್ಟ ಬಂದರೆ ಉಳಿದ ಸಂಘಗಳು ತಮ್ಮ ಲೈನ್‌ಮನ್‌ಗಳನ್ನು ಕಳಿಸುತ್ತವೆ. ಅಮ್ಮ ಗ್ಯಾಸ್ ಒಲೆ ಮೇಲೆ ಚಹಾ ಮಾಡಿ ಕಂಬದ ಬುಡಕ್ಕೇ ಒಯ್ದು ಕೊಟ್ಟಳು. ಅವರ ಕೈಗವಸು ಗಟ್ಟಿಯಾಗಿ ಮರಗಟ್ಟಿತ್ತು.

ಕರೆಂಟ್ ಬಂದ ರಾತ್ರಿ ಸಂಕೇಶ್ವರಕ್ಕೆ ಫೋನ್ ಮಾಡಿದೆ. ಸಂಘದ ವಿಷಯ ಹೇಳುತ್ತಿದ್ದ ಹಾಗೆ ಅಜ್ಜ, "ಅದರಾಗೇನ ಹೊಸಾದು ತಂಗೀ? ನಮ್ಮದೂ ಸೊಸೈಟಿ ಕರೆಂಟಽ ಅಲ್ಲೇನ?" ಅಂದ. ನಾನು ಹದಿಮೂರು ವರ್ಷ ಆ ಕರೆಂಟಿನಲ್ಲೇ ಓದಿದ್ದೆ. ಒಮ್ಮೆಯೂ ಯೋಚಿಸಿರಲಿಲ್ಲ! ನಮ್ಮ ಹುಕ್ಕೇರಿ ತಾಲ್ಲೂಕಿನ ವಿದ್ಯುತ್ ಸಹಕಾರಿ ಸಂಘ ಹುಟ್ಟಿದ್ದು 1969ರಲ್ಲಿ. ಭಾರತದಲ್ಲಿ ಪ್ರಯೋಗಕ್ಕೆಂದು ಮೊದಲು ಕಟ್ಟಿದ ಐದು ಸಂಘಗಳಲ್ಲಿ ಅದೂ ಒಂದು. ಆ ಐದನ್ನು ಕಟ್ಟುವಾಗ ನೆರವಿಗೆ ಬಂದದ್ದು ಅಮೆರಿಕದ ಇದೇ ಸಂಘಗಳ ರಾಷ್ಟ್ರೀಯ ಒಕ್ಕೂಟ. ಇದನ್ನು ಓದಿದಾಗ ಮೈ ಜುಮ್ಮೆಂದಿತು.

"ಮನಿ ಲೈಟಿಗಿಂತ ಮೊದಲ ನನಗ ಮೋಟರ್ ಬೇಕಾಗಿತ್ತ" ಅಂದ ಅಜ್ಜ. "ಎತ್ತ ಹೂಡಿ ಬಾವಿ ನೀರ ಎತ್ತಿ ಎತ್ತಿ ಸಾಕಾಗಿತ್ತ. ಸೊಸೈಟಿ ಇಲೆಕ್ಷನ್ ಒಂದ್ ಸಲಾನೂ ತಪ್ಪಿಸಿಲ್ಲ ನಾ. ನಿಮ್ಮಪ್ಪ ಅಲ್ಲಿ ವೋಟ್ ಹಾಕ್ತಾನೇನ?"

ಅಪ್ಪ ಇಲ್ಲಿ ವೀಸಾ ಮೇಲೆ ಇರುವವರು. ಯಾವ ಸರಕಾರಿ ಚುನಾವಣೆಯಲ್ಲೂ ಅವರಿಗೆ ವೋಟಿಲ್ಲ. ಆದರೆ ಸಂಘದಲ್ಲಿ ಮೀಟರ್ ಅಪ್ಪನ ಹೆಸರಿನಲ್ಲಿದೆ, ಹಾಗಾಗಿ ಅವರು ಸದಸ್ಯರು. ಬಿಲ್ ನೂರು ಡಾಲರ್ ಬರಲಿ, ಸಾವಿರ ಬರಲಿ, ಒಬ್ಬರಿಗೆ ಒಂದೇ ವೋಟು. ವರ್ಷದ ಕೊನೆಗೆ ಉಳಿದ ಹಣದಲ್ಲೂ ಸದಸ್ಯರಿಗೆ ಪಾಲಿದೆ. ನಮ್ಮ ಮನೆಗೆ ಈ ದೇಶದಲ್ಲಿ ದನಿ ಇರುವ ಜಾಗ ಸದ್ಯಕ್ಕೆ ಇದೊಂದೇ. ನನ್ನ ಪ್ರಬಂಧ ಹುಟ್ಟಿದ್ದು ಇಲ್ಲಿ.

ಮತ್ತೆ ಮೊದಲಿಂದ ಬರೆದೆ. ಇತಿಹಾಸಕ್ಕೆ ಎರಡೇ ಸಾಲು. ಇಸ್ತ್ರಿ, ಕೈಗವಸು, ಅಜ್ಜನ ಮೋಟರ್, ಅಪ್ಪನ ವೋಟು ಉಳಿದವು. ಒಂಬೈನೂರು ಪದ ಆಗಿತ್ತು. ಜೋರಾಗಿ ಓದುತ್ತಾ ಕಡಿಮೆ ಮಾಡಿದೆ. ಓದುವಾಗ ನನಗೇ ಬೇಸರ ಬಂದ ವಾಕ್ಯ ತೆಗೆದುಬಿಟ್ಟೆ. "ಅಮೂಲ್ಯ ಸೇವೆ" ಅನ್ನುವಂಥ ಮಾತು ಒಂದನ್ನೂ ಉಳಿಸಲಿಲ್ಲ.

ನಾನು ಆಯ್ಕೆಯಾದೆ. ಜೂನ್‌ನಲ್ಲಿ ವಾಷಿಂಗ್ಟನ್ ನೋಡಿ ಬಂದೆ. ಹಳ್ಳಿ ಮಕ್ಕಳನ್ನು ರಾಜಧಾನಿಗೆ ಕಳಿಸಿ ಅಂತ 1957ರಲ್ಲಿ ಸಂಘಗಳಿಗೆ ಹೇಳಿದ್ದೂ ಅದೇ ಜಾನ್ಸನ್.

ಪ್ರವಾಸಕ್ಕೆ ಮೊದಲೇ ಸಂಘದ ನಿರ್ದೇಶಕರ ಚುನಾವಣೆಯ ಮತಪತ್ರ ಅಂಚೆಯಲ್ಲಿ ಬಂತು. ಹಿಂದಿನ ವರ್ಷಗಳಲ್ಲಿ ಅದು ಜಾಹೀರಾತು ಕಾಗದಗಳ ಜೊತೆ ಕಸಕ್ಕೆ ಹೋಗಿತ್ತು. ಈ ಸಲ ಮೂವರೂ ಊಟದ ಮೇಜಿಗೆ ಕೂತು ಅಭ್ಯರ್ಥಿಗಳು ಬರೆದದ್ದನ್ನು ಪೂರ್ತಿ ಓದಿದೆವು. ಅಪ್ಪ ಗುರುತು ಹಾಕಿ ಲಕೋಟೆ ಅಂಟಿಸಿದರು. ಅಜ್ಜನಿಗೆ ಅದರ ಫೋಟೋ ನಾನೇ ಕಳಿಸಿದೆ.