ಬ್ಲ್ಯಾಕ್ ಹೋಲ್ ಬಗ್ಗೆ ವಾದಕ್ಕೆ ಕೂರುವ ಮುಂಚೆ

ಜಮಖಂಡಿಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಹಗಲೆಲ್ಲ ಸುಟ್ಟ ಪಂಪ್‌ಸೆಟ್ ಮೋಟಾರು, ತಾಮ್ರದ ತಂತಿ, ವಾರ್ನಿಷ್ ವಾಸನೆ. ಕತ್ತಲಾದ ಮೇಲೆ ಅಂಗಡಿ ಮುಂದಿನ ಬೆಂಚಿನಲ್ಲಿ ಬ್ರಹ್ಮಾಂಡದ ಮಾತು. ಬರುವವರು ಬ್ಯಾಂಕಿನಿಂದ ರಿಟೈರ್ ಆದ ಕಾಕಾ, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅಕ್ಕ, ಪಿಯುಸಿ ಸೈನ್ಸ್ ಹುಡುಗ, ಕಬ್ಬು ಬೆಳೆಯುವ ಇಬ್ಬರು ದೋಸ್ತರು. ಯಾರೂ ವಿಜ್ಞಾನಿ ಅಲ್ಲ. ನಾನಂತೂ ಐಟಿಐ. ಆದರೂ ನಮ್ಮ ವಾದಕ್ಕೆ ಒಂದು ಪದ್ಧತಿ ಬಂದಿದೆ. ನಿಮ್ಮೂರಲ್ಲೂ ಇಂಥ ಬೆಂಚು ಹಾಕುವ ಆಸೆ ಇದ್ದರೆ ಓದಿ.

ಸಾಮಾನು ಜಾಸ್ತಿ ಬೇಡ. ಒಂದು ಬೋರ್ಡು, ಚಾಕ್‌ಪೀಸ್, ಕ್ಯಾಲ್ಕುಲೇಟರ್. ಚಹಾ ಹೇಗೂ ಬರುತ್ತದೆ. ಮೊಬೈಲ್ ತೆಗೆಯುವುದು ಅಂಕಿ ಹುಡುಕಲು ಮಾತ್ರ, ವಿಡಿಯೊ ತೋರಿಸಲು ಅಲ್ಲ. ವಿಡಿಯೊ ಹಚ್ಚಿದರೆ ಎಲ್ಲರೂ ಪರದೆಗೆ ಕತ್ತು ಚಾಚಿ ಕೂರುತ್ತಾರೆ. ಕೊನೆಗೆ ವಾದ ಗೆಲ್ಲುವವನು ಆ ವಿಡಿಯೊದವನು. ನಮ್ಮಲ್ಲಿ ಯಾರೂ ಅಲ್ಲ.

ಬೋರ್ಡಿನ ಮೂಲೆಯಲ್ಲಿ ಮೂರು ಸಾಲು ಬರೆದು ಅಳಿಸದೆ ಬಿಡಿ. ಮಿಲಿಯನ್ ಅಂದರೆ 10 ಲಕ್ಷ. ಬಿಲಿಯನ್ ಅಂದರೆ 100 ಕೋಟಿ. ಟ್ರಿಲಿಯನ್ ಅಂದರೆ 1 ಲಕ್ಷ ಕೋಟಿ. ಅರ್ಧ ಜಗಳ ಹುಟ್ಟುವುದೇ ಇಲ್ಲಿ. ಬ್ರಹ್ಮಾಂಡದ ವಯಸ್ಸು 13.8 ಬಿಲಿಯನ್ ವರ್ಷ, ಅಂದರೆ 1,380 ಕೋಟಿ. ಇದನ್ನು ಯಾರಾದರೂ 13 ಕೋಟಿ ಅಂತ ಹಿಡಿದರೆ ಡೈನೋಸಾರ್‌ಗಳು ಬ್ರಹ್ಮಾಂಡಕ್ಕಿಂತ ಮುಂಚೆಯೇ ಹುಟ್ಟಿಬಿಡುತ್ತವೆ! ಅದರ ಕೆಳಗೆ ಬೆಳಕಿನ ಲೆಕ್ಕ ಇರಲಿ. ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಒಂದು ನ್ಯಾನೋಸೆಕೆಂಡಿಗೆ (ಸೆಕೆಂಡಿನ 100 ಕೋಟಿಯಲ್ಲಿ ಒಂದು ಭಾಗ) 30 ಸೆಂಟಿಮೀಟರ್, ಅಂದರೆ ಹತ್ತಿರ ಹತ್ತಿರ ಒಂದು ಅಡಿ. ಒಂದು ವರ್ಷಕ್ಕೆ 9.46 ಲಕ್ಷ ಕೋಟಿ ಕಿಲೋಮೀಟರ್, ಈ ದೂರಕ್ಕೇ ಜ್ಯೋತಿರ್ವರ್ಷ ಅನ್ನುವುದು.

ಮೊದಲು ಪ್ರಶ್ನೆ ಯಾವ ಬಗೆಯದು ನೋಡಿ

ಎಲ್ಲ ಪ್ರಶ್ನೆಗೂ ಒಂದೇ ರೀತಿ ವಾದ ಮಾಡಿದರೆ ಗಂಟಲು ನೋವು ಅಷ್ಟೇ. ಕೆಲವು ಪ್ರಶ್ನೆ ಮುಗಿದಿವೆ. ಕೆಲವನ್ನು ಅಳೆದಿದ್ದಾರೆ, ಆದರೆ ಕಾರಣ ಗೊತ್ತಿಲ್ಲ. ಇನ್ನು ಕೆಲವನ್ನು ಅಳೆಯುವುದು ಹೇಗೆ ಅಂತಲೇ ಯಾರಿಗೂ ಗೊತ್ತಿಲ್ಲ.

ಮುಗಿದ ಪ್ರಶ್ನೆಗೆ ವಾದ ಬೇಡ, ಲೆಕ್ಕ ಸಾಕು. ಬ್ಲ್ಯಾಕ್ ಹೋಲ್ ಅಂದರೆ ಬೆಳಕೂ ಹೊರಗೆ ಬರಲಾಗದಷ್ಟು ಎಳೆತ ಇರುವ ಜಾಗ. "ಬ್ಲ್ಯಾಕ್ ಹೋಲ್ ಎಲ್ಲಾನೂ ಎಳಕೊಂಡು ನುಂಗತೈತಿ" ಅಂತ ಒಬ್ಬರಾದರೂ ಅಂದೇ ಅನ್ನುತ್ತಾರೆ. ಸೂರ್ಯನನ್ನು ತೆಗೆದು ಅಷ್ಟೇ ತೂಕದ ಬ್ಲ್ಯಾಕ್ ಹೋಲ್ ಇಟ್ಟರೆ ಭೂಮಿ ಈಗಿನ ದಾರಿಯಲ್ಲೇ ಸುತ್ತುತ್ತದೆ. ಚಳಿಗೆ ಸಾಯುತ್ತೇವೆ, ಅದು ಬೇರೆ ಮಾತು. ಆ ಬ್ಲ್ಯಾಕ್ ಹೋಲಿನ ತ್ರಿಜ್ಯ ಬರೀ 3 ಕಿಲೋಮೀಟರ್. "ಅದನ್ನ ಯಾರ್ ನೋಡ್ಯಾರ?" ಅಂತ ಮುಂದಿನ ಪ್ರಶ್ನೆ. 2019ರ ಏಪ್ರಿಲ್‌ನಲ್ಲಿ ಎಂ87 ಅನ್ನುವ ಗ್ಯಾಲಕ್ಸಿಯ (ಕೋಟಿಗಟ್ಟಲೆ ನಕ್ಷತ್ರಗಳ ಗುಂಪು) ನಡುವಿನ ಬ್ಲ್ಯಾಕ್ ಹೋಲಿನ ನೆರಳಿನ ಚಿತ್ರ ಬಂತು. ಅದಕ್ಕೂ ಮುಂಚೆ, 2015ರ ಸೆಪ್ಟೆಂಬರ್ 14ರಂದು, ಎರಡು ಬ್ಲ್ಯಾಕ್ ಹೋಲ್ ಡಿಕ್ಕಿ ಹೊಡೆದು ಎದ್ದ ಗುರುತ್ವದ ಅಲೆ, ಅಂಥ ಅಲೆ ಹಿಡಿಯಲೆಂದೇ ಕಟ್ಟಿದ ಅಮೆರಿಕದ ಲೈಗೋ ಯಂತ್ರಗಳಿಗೆ ಸಿಕ್ಕಿತು. ಇಲ್ಲಿ ನಾನು ಸ್ವಲ್ಪ ಎದೆ ಉಬ್ಬಿಸುತ್ತೇನೆ. ಕೆಣಕಿದ ಬ್ಲ್ಯಾಕ್ ಹೋಲ್ ಹೇಗೆ ಕಂಪಿಸುತ್ತದೆ, ಆ ಕಂಪನ ಹೇಗೆ ಬೇಗ ಕುಗ್ಗಿ ನಿಲ್ಲುತ್ತದೆ ಅಂತ 1970ರಲ್ಲೇ ಲೆಕ್ಕ ಹಾಕಿ ತೋರಿಸಿದವರು ಸಿ.ವಿ. ವಿಶ್ವೇಶ್ವರ. ಬೆಂಗಳೂರಿನ ನೆಹರೂ ತಾರಾಲಯ ಕಟ್ಟಿ ಬೆಳೆಸಿದ ಮೊದಲ ನಿರ್ದೇಶಕರು ಅವರೇ. 2015ರ ಅಲೆಯ ಬಾಲದಲ್ಲಿ ಕಂಡದ್ದು ಅದೇ ಕುಗ್ಗುವ ಕಂಪನ.

ಮೂರನೇ ಬಗೆಯ ಪ್ರಶ್ನೆ, ಅಂದರೆ ಬಿಗ್ ಬ್ಯಾಂಗ್‌ಗಿಂತ ಮೊದಲು ಏನಿತ್ತು, ಬೇರೆ ಬ್ರಹ್ಮಾಂಡಗಳಿವೆಯಾ, ಇಂಥದ್ದಕ್ಕೆ ಒಂದು ಕಪ್ ಚಹಾದ ಟೈಮ್ ಕೊಡಿ. ಕಪ್ ಖಾಲಿ, ವಿಷಯ ಖಾಲಿ. ಬಿಟ್ಟರೆ ಬೆಳಗಿನವರೆಗೂ ನಡೆಯುತ್ತದೆ. ಯಾರು ಗಟ್ಟಿಯಾಗಿ ಮಾತಾಡುತ್ತಾರೋ ಅವರೇ ಗೆಲ್ಲುತ್ತಾರೆ.

ನಿಜವಾದ ರುಚಿ ಇರುವುದು ನಡುವಿನ ಬಗೆಯಲ್ಲಿ.

ಸೋಲುವ ಷರತ್ತು ಮೊದಲೇ ಬರೆಸಿ

ನಮ್ಮ ಬೆಂಚಿನ ದೊಡ್ಡ ನಿಯಮ ಇದು. ಯಾರೇ ಏನೇ ಹೇಳಲಿ, ಅಕ್ಕ ಚಾಕ್ ಹಿಡಿದು ಕೇಳುವುದು ಒಂದೇ ಮಾತು: "ಏನ್ ಕಂಡ್ರ ನೀವು ಸೋತ್ರಿ ಅಂತ ಒಪ್ಪತೀರಿ?" ಉತ್ತರ ಬೋರ್ಡಿಗೆ ಹೋಗುತ್ತದೆ. ಉತ್ತರ ಇಲ್ಲದವರು ಆವತ್ತು ಕೇಳಬಹುದು, ವಾದ ಮಾಡುವ ಹಾಗಿಲ್ಲ.

ಡಾರ್ಕ್ ಮ್ಯಾಟರ್ ತೆಗೆದುಕೊಳ್ಳಿ. ಗ್ಯಾಲಕ್ಸಿಯ ಅಂಚಿನ ನಕ್ಷತ್ರಗಳು ನಡುವಿನವಕ್ಕಿಂತ ನಿಧಾನ ಸುತ್ತಬೇಕಿತ್ತು. 1970ರ ದಶಕದಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ವೆರಾ ರೂಬಿನ್ ಮತ್ತು ಜೊತೆಯವರು ಅಳೆದು ನೋಡಿದರೆ ಅಂಚಿನಲ್ಲೂ ವೇಗ ಕಡಿಮೆ ಆಗುವುದಿಲ್ಲ. ಹಾಗಾದರೆ ಕಣ್ಣಿಗೆ ಕಾಣದ ಏನೋ ಅಲ್ಲಿ ತುಂಬಿಕೊಂಡು ಎಳೆಯುತ್ತಿದೆ, ಅದಕ್ಕೇ ಡಾರ್ಕ್ ಮ್ಯಾಟರ್ ಅನ್ನುವುದು. ಇಲ್ಲವೇ ಗುರುತ್ವದ ನಿಯಮವೇ ಅಷ್ಟು ದೂರದಲ್ಲಿ ಬೇರೆ ಇದೆ. ಎರಡನೇ ದಾರಿ ಹಿಡಿದವರೂ ಉಂಟು. ಮೊರ್ದೆಹಾಯ್ ಮಿಲ್‌ಗ್ರೋಮ್ 1983ರಲ್ಲಿ ಅಂಥ ನಿಯಮ ಮುಂದಿಟ್ಟರು.

ಕಾಕಾ ಪಕ್ಕಾ ಎರಡನೇ ಪಕ್ಷ. ಬ್ಯಾಂಕಿನಲ್ಲಿ ಲೆಡ್ಜರ್ ನೋಡಿ ಬೆಳೆದವರು. "ಟ್ಯಾಲಿ ಆಗಲಿಲ್ಲಂದ್ರ ಕಾಣದ ಖಾತೆ ತೆಗೆದು ಅದರಾಗ ಹಾಕೂದು ಅಲ್ಲ, ಲೆಕ್ಕದ ತಪ್ಪು ಹುಡುಕಬೇಕು" ಅಂತ ಅವರ ವಾದ. ಹುಡುಗ ಬಿಡುವುದಿಲ್ಲ. ಯುರೇನಸ್ ಲೆಕ್ಕ ತಪ್ಪಿ ನಡೆಯುತ್ತಿದ್ದಾಗ ಫ್ರಾನ್ಸಿನ ಲೆ ವೆರಿಯೆ ಏನು ಮಾಡಿದ? ಕಾಣದ ಗ್ರಹ ಇಲ್ಲೇ ಇರಬೇಕು ಅಂತ ಜಾಗ ಹೇಳಿದ. 1846ರಲ್ಲಿ ಅಲ್ಲೇ ನೆಪ್ಚೂನ್ ಸಿಕ್ಕಿತು. ಕಾಣದ ಖಾತೆ ನಿಜ ಇತ್ತು, ಅಲ್ವಾ?

ಇದಕ್ಕೆ ಕಾಕಾನ ಉತ್ತರ ನನಗೆ ಬಹಳ ಇಷ್ಟ. ಅದೇ ಲೆ ವೆರಿಯೆ ಬುಧನ ದಾರಿಯಲ್ಲೂ ವ್ಯತ್ಯಾಸ ಕಂಡು, 1859ರಲ್ಲಿ ಸೂರ್ಯನ ಹತ್ತಿರ ಇನ್ನೊಂದು ಕಾಣದ ಗ್ರಹ ಇರಬೇಕು ಅಂದ. ಅದಕ್ಕೆ ವಲ್ಕನ್ ಅಂತ ಹೆಸರೂ ಬಂತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊನೆಗೆ 1915ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ಬದಲಿಸಿದಾಗ ಬುಧನ ಲೆಕ್ಕ ಕೂತಿತು. ಮನುಷ್ಯ ಒಬ್ಬನೇ, ಉಪಾಯ ಒಂದೇ. ಒಮ್ಮೆ ಗೆದ್ದ, ಒಮ್ಮೆ ಸೋತ.

ಆಗ ಅಕ್ಕನ ಪ್ರಶ್ನೆ ಬರುತ್ತದೆ. ಹುಡುಗನ ಷರತ್ತು: ಎಲ್ಲ ರೀತಿಯ ಪ್ರಯೋಗ ಮುಗಿದರೂ ಡಾರ್ಕ್ ಮ್ಯಾಟರಿನ ಕಣ ಸಿಗದಿದ್ದರೆ ತಾನು ಸೋತಂತೆ. ಅಕ್ಕ ಇದನ್ನು ಬರೆದುಕೊಳ್ಳಲಿಲ್ಲ. "ಎಲ್ಲಾ" ಮುಗಿಯುವುದು ಯಾವಾಗ? ಗಣಿಗಳ ಆಳದಲ್ಲಿ ದಶಕಗಳಿಂದ ಯಂತ್ರ ಇಟ್ಟು ಕಾಯುತ್ತಿದ್ದಾರೆ, ಇನ್ನೂ ಸಿಕ್ಕಿಲ್ಲ. ಕೈಗೆ ಸಿಗುವ ಷರತ್ತು ಕೊಡು ಅಂದರು. ಕಾಕಾಗೆ ತೊಂದರೆ ಬುಲೆಟ್ ಕ್ಲಸ್ಟರ್‌ನದು. ಗ್ಯಾಲಕ್ಸಿಗಳ ಎರಡು ಗುಂಪು ಡಿಕ್ಕಿ ಹೊಡೆದಾಗ ಕಾಣುವ ಅನಿಲದ ದೊಡ್ಡ ಪಾಲು ನಡುವೆ ಉಳಿಯಿತು. ಆದರೆ ಬೆಳಕನ್ನು ಬಾಗಿಸುವ ತೂಕ ಮುಂದೆ ಹೋಗಿತ್ತು. ಬರೀ ನಿಯಮ ಬದಲಿಸಿ ಇದನ್ನು ವಿವರಿಸುವುದು ಕಷ್ಟ. ಕಾಕಾ ಇನ್ನೂ ಸೋತೆ ಅಂದಿಲ್ಲ. ಆದರೆ ಬೋರ್ಡಿನ ಮೇಲೆ ಅವರ ಕಡೆ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ, ಅದನ್ನು ಅವರೂ ಒಪ್ಪುತ್ತಾರೆ. ಒಳ್ಳೆ ವಾದ ಅಂದರೆ ನನ್ನ ಪ್ರಕಾರ ಇಷ್ಟೇ.

ಲೂಸ್ ಕನೆಕ್ಷನ್ ಕಥೆ

"ಐನ್‌ಸ್ಟೈನ್ ತಪ್ಪು" ಅಂತ ಹೇಳುವವರು ಪ್ರತಿ ಊರಲ್ಲೂ ಇರುತ್ತಾರೆ. ಅವರನ್ನು ನಗಬೇಡಿ. 2011ರ ಈ ಘಟನೆ ಹೇಳಿ, ಲೆಕ್ಕ ಮಾಡಿಸಿ.

ಬೆಳಕಿಗಿಂತ ಜೋರಾಗಿ ಏನೂ ಓಡುವುದಿಲ್ಲ ಅನ್ನುವುದು ಐನ್‌ಸ್ಟೈನ್ ಲೆಕ್ಕ. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಿಂದ ನ್ಯೂಟ್ರಿನೋ ಕಣಗಳನ್ನು (ಬಂಡೆಯನ್ನೂ ಸಲೀಸಾಗಿ ದಾಟುವ ಅತಿ ಸಣ್ಣ ಕಣ) ನೆಲದೊಳಗಿಂದ ಇಟಲಿಯ ಗ್ರಾನ್ ಸಾಸೋಗೆ ಬಿಡುತ್ತಿದ್ದರು. ದೂರ 730 ಕಿಲೋಮೀಟರ್. ಒಪೆರಾ ತಂಡ ಅಳೆದಾಗ ಅವು ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡ್ ಮೊದಲೇ ಬಂದಿದ್ದವು. ಮೂಲೆಯ ಲೆಕ್ಕ ನೋಡಿ: 60 ನ್ಯಾನೋಸೆಕೆಂಡ್ ಅಂದರೆ 18 ಮೀಟರ್. 730 ಕಿಲೋಮೀಟರಿಗೆ 18 ಮೀಟರ್ ಮುಂದೆ. ಸಣ್ಣದು, ಆದರೆ ನಿಜವಾಗಿದ್ದರೆ ಫಿಸಿಕ್ಸ್ ಪುಸ್ತಕ ಹೊಸದಾಗಿ ಬರೆಯಬೇಕಿತ್ತು.

ಇಲ್ಲಿ ಕಥೆ ನಿಲ್ಲಿಸಿ. ಇದು ನಿಜಾನಾ ಅಂತ ಪರೀಕ್ಷೆ ಮಾಡುವುದು ಹೇಗೆ ಅಂತ ಬೆಂಚನ್ನು ಕೇಳಿ. ನಮ್ಮಲ್ಲಿ ಅಕ್ಕ 1987ರ ಸೂಪರ್‌ನೋವಾ ತೆಗೆದರು. ಆ ನಕ್ಷತ್ರ ಸಿಡಿದದ್ದು ಸುಮಾರು 1.68 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ. ನ್ಯೂಟ್ರಿನೋಗಳು ಬೆಳಕಿಗಿಂತ ಬರೀ ಮೂರು ಗಂಟೆ ಮೊದಲು ಬಂದವು. ಅದೂ ವೇಗ ಜಾಸ್ತಿ ಇದ್ದದ್ದಕ್ಕಲ್ಲ. ಸ್ಫೋಟ ನಕ್ಷತ್ರದ ಮೇಲ್ಮೈಗೆ ಬರುವವರೆಗೆ ಬೆಳಕು ಒಳಗೇ ಕಾಯಬೇಕು, ನ್ಯೂಟ್ರಿನೋ ಕಾಯುವುದಿಲ್ಲ. ಒಪೆರಾ ಅಂಕಿ ಸರಿ ಇದ್ದರೆ ಅವು ಎಷ್ಟು ಮೊದಲು ಬರಬೇಕಿತ್ತು? ಕ್ಯಾಲ್ಕುಲೇಟರ್ ಒತ್ತಿ: ನಾಲ್ಕು ವರ್ಷಕ್ಕೂ ಜಾಸ್ತಿ. ಮೂರು ಗಂಟೆ ಎಲ್ಲಿ, ನಾಲ್ಕು ವರ್ಷ ಎಲ್ಲಿ!

ವಿಷಯ ಮುಗಿಯಿತು ಅನ್ನುವಷ್ಟರಲ್ಲಿ ಹುಡುಗ ಕೈ ಎತ್ತಿದ. ಒಪೆರಾ ನ್ಯೂಟ್ರಿನೋಗಳ ಶಕ್ತಿ ಸೂಪರ್‌ನೋವಾದವಕ್ಕಿಂತ ಸಾವಿರ ಪಟ್ಟಿಗೂ ಜಾಸ್ತಿ. ಶಕ್ತಿ ಜಾಸ್ತಿ ಇರುವವು ಮಾತ್ರ ಜೋರಾಗಿ ಓಡಿದರೆ? ಸರಿಯಾದ ಆಕ್ಷೇಪ. ಅಕ್ಕನ ಲೆಕ್ಕ ಬಾಗಿಲನ್ನು ಪೂರ್ತಿ ಮುಚ್ಚುವುದಿಲ್ಲ. ಹತ್ತನೇ ಕ್ಲಾಸಿನ ಗುಣಾಕಾರ ಭಾಗಾಕಾರದಲ್ಲಿ ಇಷ್ಟು ದೂರ ಬರಬಹುದು ಅನ್ನುವುದೇ ನನಗೆ ಖುಷಿ.

ಕಡೆಗೆ ಏನಾಯಿತು? 2012ರಲ್ಲಿ ತಂಡವೇ ಹುಡುಕಿತು: ಫೈಬರ್ ಕೇಬಲಿನ ಒಂದು ಕನೆಕ್ಟರ್ ಸರಿಯಾಗಿ ಕೂತಿರಲಿಲ್ಲ. ಲೂಸ್ ಕನೆಕ್ಷನ್! ನಮ್ಮ ಅಂಗಡಿಗೆ ಬರುವ ಎಷ್ಟೋ ಮೋಟಾರಿನ ರೋಗವೂ ಅದೇ. ಆ ತಂಡ ಮೊದಲ ದಿನದಿಂದಲೂ "ನಮ್ಮ ತಪ್ಪು ಎಲ್ಲಿದೆ ನೀವೂ ಹುಡುಕಿ" ಅಂತ ಎಲ್ಲರನ್ನೂ ಕೇಳಿಕೊಂಡಿತ್ತು.

ನ್ಯೂಟ್ರಿನೋ ಮಾತು ಬಂದಾಗ ಕೋಲಾರವನ್ನು ಮರೆಯಬೇಡಿ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು 1965ರಲ್ಲಿ ನಮ್ಮ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಜಾಸ್ತಿ ಆಳದಲ್ಲಿ ಸಿಕ್ಕಿತ್ತು. ಅಷ್ಟು ಆಳ ಯಾಕೆ ಅಂದರೆ, ಆಕಾಶದಿಂದ ಸುರಿಯುವ ಬೇರೆ ಕಣಗಳನ್ನು ಮೇಲಿನ ಬಂಡೆ ತಡೆಯುತ್ತದೆ.

ಮ್ಯಾಗ್ನೆಟ್ ಮೋಟಾರಿನವರು ಬಂದಾಗ

ನನ್ನ ಅಂಗಡಿ ಆದ್ದರಿಂದ ಇವರು ಬಂದೇ ಬರುತ್ತಾರೆ. ಕರೆಂಟ್ ಇಲ್ಲದೆ ತಿರುಗುವ ಮೋಟಾರ್, ಬರೀ ಅಯಸ್ಕಾಂತ ಸಾಕು ಅಂತಾರೆ. ಇವರ ಜೊತೆ ಥಿಯರಿ ಮಾತಾಡಬೇಡಿ. "ಬಾಳ ಚೊಲೋ ಆತು. ಒಂದು ಬಲ್ಬ್ ಹಚ್ಚಿ ಇಲ್ಲೇ ಬಿಟ್ಟು ಹೋಗ್ರಿ, ಮುಂಜಾನೆ ನೋಡೋಣು" ಅನ್ನಿ. ಒಳ್ಳೆ ಕಂಪನಿ ಮೋಟಾರ್ ಕೂಡ ತೆಗೆದುಕೊಂಡ ಕರೆಂಟಿನಲ್ಲಿ ಸ್ವಲ್ಪ ಭಾಗವನ್ನು ಬಿಸಿಯಾಗಿ ಕಳೆಯುತ್ತದೆ. ಬಾಡಿ ಮುಟ್ಟಿದರೆ ಕೈಗೇ ಗೊತ್ತಾಗುತ್ತದೆ. ಇಲ್ಲಿಯವರೆಗೆ ಯಾರೂ ಬಲ್ಬ್ ಹಚ್ಚಿ ಬಿಟ್ಟು ಹೋಗಿಲ್ಲ.

"ಕ್ವಾಂಟಮ್" ಅಂತ ಬರೆದ ಬಳೆ, ನೀರಿನ ಬಾಟಲಿ ಮಾರುವವರಿಗೂ ಇದೇ ಮದ್ದು. ಇನ್ನು "ನಾವು ನೋಡಿದರೆ ಕಣ ಬದಲಾಗುತ್ತದೆ, ಅಂದರೆ ಮನಸ್ಸೇ ಜಗತ್ತು" ಅನ್ನುವ ವಾದಕ್ಕೆ ಒಂದೇ ಮಾತು ಸಾಕು. ಎರಡು ಸೀಳಿನ ಪ್ರಯೋಗದಲ್ಲಿ, ಕಣ ಯಾವ ಸೀಳಿನಿಂದ ಹೋಯಿತು ಅಂತ ದಾಖಲಿಸುವ ಯಂತ್ರ ಇಟ್ಟರೆ, ಕೋಣೆಯಲ್ಲಿ ಒಬ್ಬ ಮನುಷ್ಯನೂ ಇಲ್ಲದಿದ್ದರೂ ಪರದೆ ಮೇಲೆ ಅಲೆಯ ಹಾಗೆ ಮೂಡುತ್ತಿದ್ದ ಪಟ್ಟೆಗಳು ಹೋಗುತ್ತವೆ.

ನಮ್ಮ ಕಡೆ ಇನ್ನೊಂದು ವಾದ ತಪ್ಪದೆ ಬರುತ್ತದೆ. ಗುರುತ್ವವನ್ನು ನ್ಯೂಟನ್‌ಗಿಂತ ಮೊದಲು ನಮ್ಮ ಭಾಸ್ಕರಾಚಾರ್ಯರೇ ಹೇಳಿದ್ದರು ಅಂತ. ಅವರು ವಿಜಯಪುರದವರೇ ಅನ್ನುವ ಅಭಿಮಾನವೂ ಜೊತೆಗಿರುತ್ತದೆ. ಅವರ ಊರು ಯಾವುದು ಅಂತ ಪಂಡಿತರಲ್ಲೇ ಒಮ್ಮತ ಇಲ್ಲ, ಅದನ್ನು ಬೆಂಚಿಗೆ ತರಬೇಡಿ. 1150ರಲ್ಲಿ ಬರೆದ ಸಿದ್ಧಾಂತ ಶಿರೋಮಣಿಯಲ್ಲಿ ಭೂಮಿ ಭಾರವಾದ ವಸ್ತುಗಳನ್ನು ತನ್ನ ಕಡೆ ಎಳೆಯುತ್ತದೆ ಅಂತ ಇರುವುದು ನಿಜ. ದೂರ ಎರಡು ಪಟ್ಟಾದರೆ ಎಳೆತ ನಾಲ್ಕನೇ ಒಂದು ಭಾಗ ಆಗುತ್ತದೆ ಅನ್ನುವ ಲೆಕ್ಕ ನ್ಯೂಟನ್ನನದು, 1687ರದು. ಎರಡನ್ನೂ ಹೇಳಿ ಮುಂದೆ ಹೋಗಿ.

ಮೊದಲ ಮಾತು ಚಿಕ್ಕವರದ್ದು

ಕಾಕಾ ಮೊದಲು ಮಾತಾಡಿದರೆ ಹುಡುಗ ಬಾಯಿ ಬಿಡುವುದಿಲ್ಲ. ನಮ್ಮ ಕಡೆ ಹಿರಿಯರಿಗೆ ಎದುರು ಮಾತಾಡುವುದು ಕಷ್ಟ. ಅದಕ್ಕೇ ಚಿಕ್ಕವರಿಂದ ಶುರು ಮಾಡಿ. "ನೀವು ತಪ್ಪು" ಅನ್ನುವುದಕ್ಕಿಂತ "ಕಾಕಾರ, ಈ ಲೆಕ್ಕ ನನಗ ಕೂಡ್ತಿಲ್ರಿ, ಒಮ್ಮೆ ತೋರಸ್ರಿ" ಅನ್ನುವುದು ನಡೆಯುತ್ತದೆ. ತೋರಿಸುವಾಗ ತಪ್ಪು ತಾನೇ ಹೊರಗೆ ಬರುತ್ತದೆ, ಹಿರಿಯರ ಮರ್ಯಾದೆಯೂ ಉಳಿಯುತ್ತದೆ.

ಒಂದು ರಾತ್ರಿಗೆ ಒಂದೇ ವಿಷಯ. ಶುರು ಮಾಡಲು ಜಿಪಿಎಸ್ ಒಳ್ಳೆಯದು. ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ, ಅದಕ್ಕೇ ಹಾರಿಸುವ ಮೊದಲೇ ಅದನ್ನು ತಿದ್ದಿ ಕಳಿಸುತ್ತಾರೆ. ಅಷ್ಟು ಹೊತ್ತಿನಲ್ಲಿ ಬೆಳಕು ಎಷ್ಟು ದೂರ ಹೋಗುತ್ತದೆ ಅಂತ ಬೆಂಚಿಗೆ ಲೆಕ್ಕ ಕೊಡಿ. 11 ಕಿಲೋಮೀಟರಿಗೂ ಜಾಸ್ತಿ ಬರುತ್ತದೆ. ಕಬ್ಬಿನ ಲಾರಿಗೆ ಮ್ಯಾಪ್ ಹಾಕಿ ಫ್ಯಾಕ್ಟರಿಗೆ ಹೋಗುವ ದೋಸ್ತನಿಗೆ ರಿಲೇಟಿವಿಟಿ, ಅಂದರೆ ಗಡಿಯಾರದ ಈ ವ್ಯತ್ಯಾಸ ಹೇಳುವ ಐನ್‌ಸ್ಟೈನ್ ಸಿದ್ಧಾಂತ, ಆವತ್ತೇ ಹಿಡಿಸಿತು.

ಎರಡನೇ ವಾರ ಬೇಕಾದರೆ ಬ್ರಹ್ಮಾಂಡ ಹಿಗ್ಗುವ ವೇಗ ಇಡಿ. ಬಿಗ್ ಬ್ಯಾಂಗ್ ಆದ ಮೇಲೆ ಉಳಿದ ಹಳೆಯ ಬೆಳಕಿನಿಂದ ಲೆಕ್ಕ ಹಾಕಿದರೆ, ಸುಮಾರು 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ 67 ಕಿಲೋಮೀಟರ್ ಬರುತ್ತದೆ, ಹತ್ತಿರದ ಗ್ಯಾಲಕ್ಸಿಗಳನ್ನು ಅಳೆದರೆ 73 ಬರುತ್ತದೆ. ಎರಡೂ ಕಡೆಯವರು ಜಾಣರೇ. ಲೂಸ್ ಕನೆಕ್ಷನ್ ಯಾವ ಕಡೆ ಇದೆ, ಅಥವಾ ನಿಯಮವೇ ಹೊಸದು ಬೇಕಾ ಅಂತ ಪಕ್ಷ ಹಂಚಿ ಕೂರಿ. ಟೈಮ್ ಟ್ರಾವೆಲ್ ಮಾತ್ರ ಮೊದಲ ತಿಂಗಳು ಬೇಡ. ಅದು ಶುರುವಾದರೆ ಅಂಗಡಿ ಮುಚ್ಚಲು ಆಗುವುದಿಲ್ಲ.