ಹುಡುಕಿಸಿಕೊಳ್ಳುವ ಕೆಲಸ

ಪರ್ವತ ರಕ್ಷಣಾ ತಂಡದಲ್ಲಿದ್ದೇನೆ ಎಂದರೆ ಊರಿನ ನೆಂಟರು ಹಗ್ಗಕ್ಕೆ ಜೋತುಬಿದ್ದ ಫೋಟೊ ಕೇಳುತ್ತಾರೆ. ನನ್ನ ಮೊದಲ ಒಂದೂವರೆ ವರ್ಷದ ಫೋಟೊವನ್ನು ಯಾರಾದರೂ ತೆಗೆದಿದ್ದರೆ ಅದರಲ್ಲಿ ಕಾಣುತ್ತಿದ್ದುದು ಇಷ್ಟೇ: ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನ ಒಂದು ಗುಡ್ಡದ ಮಗ್ಗುಲು, ಚಳಿಗೆ ಕಂದಿದ ಜರೀಗಿಡಗಳು, ಅವುಗಳ ನಡುವೆ ಹಸಿರು ಚೀಲದೊಳಗೆ ಮೂಗಿನವರೆಗೆ ಹುದುಗಿ ಮಲಗಿದ ಒಬ್ಬ ಹೆಂಗಸು. ಪಕ್ಕದಲ್ಲಿ ಚಹಾದ ಫ್ಲಾಸ್ಕ್, ಕಂಕುಳಲ್ಲಿ ಒಂದು ರಬ್ಬರ್ ಚೆಂಡು.

ಕಾಣೆಯಾದವರನ್ನು ಹುಡುಕಲು ನಾಯಿಗಳಿಗೆ ಕಲಿಸಬೇಕಾದರೆ ಕಾಣೆಯಾಗಲು ಒಪ್ಪುವ ಜನ ಬೇಕಲ್ಲವೇ? ಆ ಜನರಲ್ಲಿ ನಾನೊಬ್ಬಳು. ಇಲ್ಲಿ ನಮ್ಮನ್ನು ‘ಡಾಗ್ಸ್‌ಬಾಡಿ’ ಎನ್ನುತ್ತಾರೆ. ಚಿಲ್ಲರೆ ಚಾಕರಿ ಮಾಡುವವರಿಗೂ ಇಂಗ್ಲಿಷಿನಲ್ಲಿ ಅದೇ ಮಾತು. ಎರಡೂ ಅರ್ಥ ನಮಗೆ ಒಪ್ಪುತ್ತದೆ.

ನಾನು ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಸಿರಸಿ ಕಡೆಯವಳು. ಕೆಲಸ ಸಿಕ್ಕಿ ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಊರಿನ ಅಂಗಡಿಯ ಫಲಕದಲ್ಲಿ ಒಂದು ಚೀಟಿ ಕಂಡೆ: ನಾಯಿಗಳಿಗೆ ಅಂಜದ, ಮಳೆಯಲ್ಲಿ ಸುಮ್ಮನೆ ಬಿದ್ದಿರಬಲ್ಲ ಜನ ಬೇಕಾಗಿದ್ದಾರೆ. ಗುಡ್ಡ ಹತ್ತುವ ಅನುಭವ ಬೇಡ ಎಂದೂ ಬರೆದಿತ್ತು. ಇದಕ್ಕಿಂತ ನನಗೆ ಹೊಂದುವ ಹುದ್ದೆ ಇನ್ನೊಂದಿಲ್ಲ ಅನ್ನಿಸಿತು. ಆಯಿಗೆ ಫೋನಿನಲ್ಲಿ ಹೇಳಿದಾಗ ಅವಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಕೇಳಿದಳು: “ಅಲ್ಲ ಕೂಸೇ, ನಾಯಿಗೆ ಸಿಗಲಿ ಎಂದು ಗುಡ್ಡದ ಮೇಲೆ ಮಲಗುವುದೇ? ಅದಕ್ಕೆ ಸಂಬಳವೂ ಇಲ್ಲವೇ?”

ಇಲ್ಲ. ಇಲ್ಲಿ ತಂಡದ ನಾಯಕನಿಗೂ ಸಂಬಳವಿಲ್ಲ. ಇಂಗ್ಲೆಂಡಿನಲ್ಲಿ ಗುಡ್ಡದ ಮೇಲೆ ಯಾರಾದರೂ ಬಿದ್ದರೆ, ದಾರಿ ತಪ್ಪಿದರೆ 999ಕ್ಕೆ ಕರೆ ಮಾಡಿ ಮೊದಲು ಪೊಲೀಸ್, ಆಮೇಲೆ ಪರ್ವತ ರಕ್ಷಣೆ ಎಂದು ಕೇಳಬೇಕು. ಪೊಲೀಸರು ಆ ಪ್ರದೇಶದ ತಂಡವನ್ನು ಎಬ್ಬಿಸುತ್ತಾರೆ. ತಂಡದಲ್ಲಿರುವವರು ಶಾಲಾ ಶಿಕ್ಷಕರು, ಬಡಗಿಗಳು, ಕುರಿ ಸಾಕುವವರು, ವೈದ್ಯರು. ಕರೆ ಬಂದಾಗ ಕೈಯಲ್ಲಿರುವುದನ್ನು ಬಿಟ್ಟು ಓಡುತ್ತಾರೆ. ವಾಹನ, ಹಗ್ಗ, ಸ್ಟ್ರೆಚರ್ ಎಲ್ಲವೂ ಬಹುಪಾಲು ಜನರ ದೇಣಿಗೆಯಿಂದ. ರಕ್ಷಿಸಲ್ಪಟ್ಟವರಿಂದ ಒಂದು ಪೆನ್ನಿಯನ್ನೂ ಕೇಳುವುದಿಲ್ಲ.

ನಾಯಿಗಳ ವಿಷಯಕ್ಕೆ ಬರುತ್ತೇನೆ. ಬ್ರಿಟನ್ನಿನಲ್ಲಿ ಇಂಥ ನಾಯಿಗಳ ಸಂಘವನ್ನು 1965ರಲ್ಲಿ ಆರಂಭಿಸಿದವರು ಸ್ಕಾಟ್ಲೆಂಡಿನ ಗ್ಲೆನ್‌ಕೋದ ಪರ್ವತಾರೋಹಿ ಹ್ಯಾಮಿಶ್ ಮ್ಯಾಕಿನ್ನಿಸ್. ಕಳ್ಳನ ಜಾಡು ಹಿಡಿದು ನೆಲ ಮೂಸುತ್ತಾ ಹೋಗುವ ಪೊಲೀಸ್ ನಾಯಿಯಲ್ಲ ಇದು. ತಲೆಯೆತ್ತಿ ಗಾಳಿಯನ್ನು ಮೂಸುತ್ತದೆ. ಆ ಬೆಟ್ಟದಲ್ಲಿರುವ ಯಾವ ಮನುಷ್ಯನ ವಾಸನೆಯಾದರೂ ಸರಿ, ಹಿಡಿದು, ಅದರ ಮೂಲಕ್ಕೆ ಹೋಗುತ್ತದೆ. ಕಂಡ ತಕ್ಷಣ ತಿರುಗಿ ಒಡೆಯನ ಬಳಿಗೆ ಓಡಿ ಬೊಗಳುತ್ತದೆ. ಅವನನ್ನು ಕರೆದುಕೊಂಡು ಬರುತ್ತದೆ. ಒಡೆಯ ನಿಧಾನವಾದರೆ ಮತ್ತೆ ನನ್ನ ಬಳಿಗೆ, ಮತ್ತೆ ಅವನ ಬಳಿಗೆ. ಕೊನೆಗೆ ಅವನು ಬಂದು ಮುಟ್ಟಿದ ಮೇಲೆ ನನ್ನ ಕಂಕುಳಿನ ಚೆಂಡು ಹೊರಬರಬೇಕು. ನಾನು ಹುಚ್ಚಿಯಂತೆ ಕುಣಿದು ಅದರ ಜೊತೆ ಆಡಬೇಕು. ಮೂರು ಗಂಟೆ ಮಲಗಿ ಮರಗಟ್ಟಿದ ಕಾಲಿನಲ್ಲಿ ಕುಣಿಯುವುದೇ ಈ ಚಾಕರಿಯ ಅತಿ ಕಷ್ಟದ ಭಾಗ. ಸಪ್ಪೆಯಾಗಿ ಆಡಿದರೆ ನಾಯಿಗೆ ಗೊತ್ತಾಗುತ್ತದೆ. ಮುಂದಿನ ಸಲ ಅದರ ಹುಡುಕಾಟವೂ ಸಪ್ಪೆಯಾಗುತ್ತದೆ.

ಇದೆಲ್ಲ ಕಲಿಯಲು ಒಂದು ನಾಯಿಗೆ ಎರಡು ಮೂರು ವರ್ಷ ಹಿಡಿಯುತ್ತದೆ. ಅದಕ್ಕೂ ಮೊದಲು ಅದು ಕುರಿಗಳ ನಡುವೆ ನಡೆದು, ಒಂದನ್ನೂ ಅಟ್ಟದೆ ಬರಬೇಕು. ಕುರಿ ಕಾಯಲೆಂದೇ ಹುಟ್ಟಿದ ಕೋಲಿ ತಳಿಯ ನಾಯಿಗೆ ಕುರಿಯನ್ನು ಕಂಡರೂ ಕಾಣದಂತಿರು ಎಂದು ಕಲಿಸುವುದು ಬೆಕ್ಕಿಗೆ ಏಕಾದಶಿ ಮಾಡಿಸಿದ ಹಾಗೆ. ಆದರೂ ಕಲಿಸುತ್ತಾರೆ.

ನಾನು ಹೆಚ್ಚಾಗಿ ಮಲಗಿದ್ದು ಒಂದು ಕಪ್ಪು-ಬಿಳಿ ಹೆಣ್ಣು ಕೋಲಿಗಾಗಿ. ಅದರ ನಿಜ ಹೆಸರು ಬೇರೆ. ನನ್ನ ಮಟ್ಟಿಗೆ ಅದು ಕಾಳಿ. ಕಾಳಿಯಿಂದ ನಾನು ಗಾಳಿಯನ್ನು ಕಲಿತೆ. ಚಳಿಯ ಸಂಜೆ ಮನುಷ್ಯನ ವಾಸನೆ ನೀರಿನಂತೆ ತಗ್ಗಿಗೆ ಹರಿಯುತ್ತದೆ. ಬಿಸಿಲೇರಿದರೆ ಮೇಲಕ್ಕೇಳುತ್ತದೆ. ಕಲ್ಲುಗೋಡೆಯ ಹಿಂದೆ ಮಲಗಿದರೆ ಅದು ಗೋಡೆಯನ್ನು ಹಾರಿ ಎಷ್ಟೋ ಮಾರು ಆಚೆ ಬೀಳುತ್ತದೆ. ಹಾಗಾಗಿ ಗೋಡೆಯ ಬುಡದಲ್ಲೇ ಹಾದುಹೋದ ನಾಯಿಗೆ ನಾನು ಸಿಗದೇ ಇರಬಹುದು, ದೂರದಲ್ಲಿದ್ದ ನಾಯಿಗೆ ಸಿಗಬಹುದು. ಆದ್ದರಿಂದಲೇ ನಾಯಿಯನ್ನು ಗಾಳಿಗೆ ಅಡ್ಡಲಾಗಿ, ಗದ್ದೆ ಉಳುವವರಂತೆ ಅತ್ತಿಂದಿತ್ತ ನಡೆಸುತ್ತಾರೆ.

ಒಮ್ಮೆ ನಾನು ಮಾಡಿದ ತಪ್ಪನ್ನು ಹೇಳಿಬಿಡಬೇಕು. ಮಳೆನೀರು ಚೀಲದ ಕೆಳಗೆ ತೊರೆಯಂತೆ ಹರಿಯಲು ಶುರುವಾಯಿತು. ತಡೆಯಲಾರದೆ ಎದ್ದು ಮೂವತ್ತು ಹೆಜ್ಜೆ ಆಚೆಯ ಬಂಡೆಯ ಮರೆಗೆ ಹೋದೆ. ಕಾಳಿ ಬಂದವಳೇ ನನ್ನ ಹಳೆಯ ಜಾಗಕ್ಕೆ ಹೋದಳು. ಎರಡು ಗಂಟೆಯ ವಾಸನೆ ಅಲ್ಲಿ ಮಡುಗಟ್ಟಿ ನಿಂತಿತ್ತು. ಸುತ್ತಿದಳು, ಮೂಸಿದಳು, ಗೊಂದಲಗೊಂಡು ಒಡತಿಯ ಮುಖ ನೋಡಿದಳು. ಒಡತಿಗೆ ತನ್ನ ನಾಯಿಯ ಮೇಲೇ ಸಂಶಯ ಬಂತು. ಕಾಳಿ ಕೊನೆಗೆ ನನ್ನನ್ನು ಕಂಡುಹಿಡಿದಳು, ಆದರೆ ಆ ಹಗಲಿನ ಪಾಠ ಹಾಳಾಗಿತ್ತು. ಒಡತಿ ಬೈಯಲಿಲ್ಲ. “ನಿಜವಾಗಿ ಕಳೆದುಹೋದವರೂ ಹೀಗೇ ಮಾಡುತ್ತಾರೆ” ಎಂದಷ್ಟೇ ಹೇಳಿ ಕಾಳಿಯ ಮೈ ಒರೆಸಿದಳು. ಬೈದಿದ್ದರೆ ಒಳ್ಳೆಯದಿತ್ತು.

ಮಳೆಯ ಮಾತು ಬಂತು. ಇಲ್ಲಿನ ಸೀತ್‌ವೇಟ್ ಎಂಬ ಹಳ್ಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಆಗುಂಬೆಯಲ್ಲಿ ಅದರ ಎರಡು ಪಟ್ಟು ಸುರಿಯುತ್ತದೆ ಎಂದು ನಾನೂ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಮಲೆನಾಡಿನ ಮಳೆ ನೆನೆಸುತ್ತದೆ. ಮನೆಗೆ ಬಂದು ಬಚ್ಚಲೊಲೆಯ ಮುಂದೆ ಕೂತರೆ ಮುಗಿಯಿತು. ಇಲ್ಲಿಯದು ನಾಲ್ಕೈದು ಡಿಗ್ರಿಯ ಮಳೆ, ಜೊತೆಗೆ ಗಾಳಿ. ಮೊದಲು ಮೈ ನಡುಗುತ್ತದೆ. ಆಮೇಲೆ ಕೈಬೆರಳು ಜಿಪ್ ಎಳೆಯಲಾರದು, ಮಾತು ತೊದಲುತ್ತದೆ, ಸಿಡುಕು ಬರುತ್ತದೆ. ನಡುಕ ನಿಂತು “ಈಗ ಪರವಾಗಿಲ್ಲ” ಎಂದು ಅವರೇ ಹೇಳಿದರೆ ಹೆದರಬೇಕಾದ ಹೊತ್ತು ಬಂದಿದೆ ಎಂದರ್ಥ.

ಒಂದೂವರೆ ವರ್ಷ ಮಲಗಿದ ಮೇಲೆ ತಂಡಕ್ಕೇ ಸೇರಬೇಕೆನ್ನಿಸಿತು. ಅರ್ಜಿ ಹಾಕಿದಾಗ ಎಷ್ಟು ಎತ್ತರ ಹತ್ತಿದ್ದೀಯ ಎಂದು ಯಾರೂ ಕೇಳಲಿಲ್ಲ. ಮನೆ ಎಲ್ಲಿ, ನೆಲೆಗೆ ಬರಲು ಎಷ್ಟು ನಿಮಿಷ, ನಡುರಾತ್ರಿ ಎದ್ದು ಹೋಗುವುದಕ್ಕೆ ಮನೆಯವರ ಒಪ್ಪಿಗೆ ಇದೆಯೇ, ಕೆಲಸದಲ್ಲಿ ಬಿಡುತ್ತಾರೆಯೇ ಎಂದು ಕೇಳಿದರು. ನನ್ನ ಮೇಲಧಿಕಾರಿ ತಿಂಗಳಿಗೆ ಒಂದೆರಡು ಸಲ ತಡವಾಗಿ ಬರಲು ಒಪ್ಪಿದರು. ಪಾಳಿಯ ನಡುವೆ ಎದ್ದು ಹೋಗುವಂತಿಲ್ಲ ಎಂದರು. ನ್ಯಾಯವೇ. ಹಾಗಾಗಿ ನಾನು ಹೆಚ್ಚಾಗಿ ರಾತ್ರಿಯ ಕರೆಗಳವಳು.

ತರಬೇತಿ ಒಂದು ವರ್ಷಕ್ಕೂ ಮೀರಿ ನಡೆಯಿತು. ಅದರಲ್ಲಿ ನನ್ನನ್ನು ಅಳಿಸಿದ್ದು ಹಗ್ಗವಲ್ಲ, ನಕ್ಷೆ. ಮಂಜಿನಲ್ಲಿ, ಕತ್ತಲಲ್ಲಿ ದಿಕ್ಸೂಚಿ ಹಿಡಿದು, ಹೆಜ್ಜೆ ಎಣಿಸಿ, ಕುರಿದೊಡ್ಡಿಯೊಂದರ ಮೂಲೆಗೆ ಸರಿಯಾಗಿ ಹೋಗಿ ನಿಲ್ಲಬೇಕು. ನೂರು ಮೀಟರಿಗೆ ಸಮತಟ್ಟಿನಲ್ಲಿ ನನಗೆ ಎರಡೂ ಕಾಲು ಸೇರಿ ನೂರ ಮೂವತ್ತೆರಡು ಹೆಜ್ಜೆ. ಹುಲ್ಲಿನ ಏರಿನಲ್ಲಿ ಎಷ್ಟು ಎಂಬುದು ಏರನ್ನು, ಹಿಂದಿನ ರಾತ್ರಿಯ ನಿದ್ದೆಯನ್ನು ಅವಲಂಬಿಸಿದೆ.

ಪ್ರಥಮ ಚಿಕಿತ್ಸೆಯ ಭಾಗ ನನಗೆ ಸುಲಭವಾಯಿತು. ಅಲ್ಲಿ ಒಂದು ಕಥೆಯೂ ಸಿಕ್ಕಿತು. 1928ರಲ್ಲಿ ಬಂಡೆಯೊಂದರಿಂದ ಬಿದ್ದ ಯುವಕನನ್ನು ಸಿಕ್ಕ ಹಲಗೆಯ ಮೇಲೆ ಹೊತ್ತು ತಂದಾಗ ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ವಿಲ್ಸನ್ ಹೇ ಅವನ ಕಾಲನ್ನು ಕತ್ತರಿಸಬೇಕಾಯಿತು. ಸರಿಯಾದ ಸ್ಟ್ರೆಚರೂ ನೋವಿಗೆ ಮಾರ್ಫಿನ್ನೂ ಇದ್ದಿದ್ದರೆ ಕಾಲು ಉಳಿಯುತ್ತಿತ್ತು ಎಂಬುದು ಅವರ ನಂಬಿಕೆ. ಸರ್ಕಾರ ಅನುಮತಿ ಕೊಡದಿದ್ದರೂ ವರ್ಷಗಟ್ಟಲೆ ತಮ್ಮ ಜವಾಬ್ದಾರಿಯ ಮೇಲೆ ರಕ್ಷಣಾ ನೆಲೆಗಳಿಗೆ ಮಾರ್ಫಿನ್ ಹಂಚಿದರು. 1949ರಲ್ಲಿ ಕೋರ್ಟು ದಂಡ ಹಾಕಿತು. ಅದರ ಬೆನ್ನಿಗೇ ಸರ್ಕಾರ ಅನುಮತಿಯನ್ನೂ ಕೊಟ್ಟಿತು. ಒಂದು ಮಾತ್ರೆಯ ಲೆಕ್ಕ ತಪ್ಪಿದರೆ ನಿದ್ದೆಗೆಡುವ ಕಸುಬು ನನ್ನದು. ಆದರೂ ನಿಯಮ ಮುರಿದ ಈ ವೈದ್ಯರ ಬಗ್ಗೆ ನನಗೆ ಗುಟ್ಟಿನ ಅಭಿಮಾನವಿದೆ.

ತಂಡಕ್ಕೆ ಸೇರಿದ ಎರಡನೆಯ ನವೆಂಬರಿನ ಒಂದು ರಾತ್ರಿ. ಹೈ ಸ್ಟ್ರೀಟ್ ಎಂಬ 828 ಮೀಟರ್ ಎತ್ತರದ ಬೆಟ್ಟ. ರೋಮನರ ಕಾಲದ ರಸ್ತೆಯೊಂದು ಅದರ ನೆತ್ತಿಯ ಮೇಲೆ ಹಾದುಹೋಗಿದ್ದರಿಂದ ಆ ಹೆಸರು. ಇಬ್ಬರು ಗೆಳೆಯರು ಹತ್ತಿದ್ದರು, ಮಂಜಿನಲ್ಲಿ ಬೇರೆಯಾದರು. ಒಬ್ಬ ಪೂರ್ವಕ್ಕೆ ಇಳಿದು ಕಾರಿನ ಬಳಿ ಬಂದು ಕಾದು ಕಾದು ಕರೆ ಮಾಡಿದ. ಇನ್ನೊಬ್ಬನ ಮೊಬೈಲ್ ಸತ್ತಿತ್ತು. ಮೊಬೈಲ್ ಜೀವಂತವಿದ್ದು ಸಿಗ್ನಲ್ಲೂ ಸಿಕ್ಕರೆ ಈಗ ಎಷ್ಟೋ ಸಲ ಹುಡುಕಾಟವೇ ಬೇಕಿಲ್ಲ: ನಾವು ಒಂದು ಸಂದೇಶ ಕಳಿಸುತ್ತೇವೆ, ಅವರು ಅದರ ಕೊಂಡಿಯನ್ನು ಒತ್ತುತ್ತಾರೆ, ಅವರಿರುವ ಜಾಗ ನಮ್ಮ ಪರದೆಯ ಮೇಲೆ ಮೂಡುತ್ತದೆ. ಚಾರಣಕ್ಕೆ ಹೋಗುವವರು ಕೆಳಗಿಳಿಯುವವರೆಗೆ ಫೋಟೊ ತೆಗೆಯುವುದನ್ನು ಮಿತಿಯಲ್ಲಿಟ್ಟರೆ ನಮ್ಮ ಎಷ್ಟೋ ರಾತ್ರಿಗಳು ಉಳಿಯುತ್ತವೆ.

ಮಂಜಿನಲ್ಲಿ ನೆತ್ತಿಯಿಂದ ಇಳಿಯುವವರು ತಪ್ಪು ಕಣಿವೆಗೆ ಇಳಿಯುವುದು ಇಲ್ಲಿ ಹಳೆಯ ರೋಗ. ಆದ್ದರಿಂದ ಪಶ್ಚಿಮದ ಕಣಿವೆಗಳಿಗೂ ಜನ ಹೋದರು. ಹೇಸ್‌ವಾಟರ್ ಸರೋವರದ ಕಡೆಗೆ ಕಾಳಿ, ಅವಳ ಒಡತಿ ಮತ್ತು ನಾನು. ರಾತ್ರಿ ನಾಯಿಯ ಜೊತೆ ಹೋಗುವವರಿಗೆ ದಾರಿ ನೋಡಲು ಒಬ್ಬರು ಬೇಕು. ಒಡತಿಯ ಕಣ್ಣು ನಾಯಿಯ ಮೇಲಿರಬೇಕು. ನಕ್ಷೆ, ರೇಡಿಯೋ ನನ್ನ ಕೈಯಲ್ಲಿ. ಕಾಳಿಯ ಅಂಗಿಯ ಮೇಲೆ ಹಸಿರು ದೀಪ, ಒಂದು ಸಣ್ಣ ಗಂಟೆ. ಆ ಗಂಟೆ ಕೇಳಿದಾಗಲೆಲ್ಲ ನನಗೆ ಕೊಟ್ಟಿಗೆಗೆ ಬಾರದ ದನವನ್ನು ಹುಡುಕಲು ಅಪ್ಪಯ್ಯನ ಹಿಂದೆ ಸೊಪ್ಪಿನ ಬೆಟ್ಟಕ್ಕೆ ಹೋಗುತ್ತಿದ್ದುದು ನೆನಪಾಗುತ್ತದೆ. ಅಪ್ಪಯ್ಯ ಒಂದು ಕೂ ಹಾಕಿ, ನಾನು ಮಾತಾಡದಂತೆ ಭುಜ ಹಿಡಿದು ನಿಲ್ಲಿಸುತ್ತಿದ್ದ.

ಸರೋವರದ ತನಕ ಹೋದೆವು. ಏನೂ ಇಲ್ಲ. ಬೇರೊಂದು ಗುಂಪು ಸಂಜೆಯೇ ಈ ದಾರಿಯಲ್ಲಿ ಕೂಗುತ್ತಾ ಹೋಗಿತ್ತು, ಉತ್ತರ ಬಂದಿರಲಿಲ್ಲ. ರೇಡಿಯೋದಲ್ಲಿ ಕೆಳಗಿಳಿಯಬಹುದು ಎಂದರು. ನನಗೆ ಮಾತ್ರ ಅದು ಸಾಲದೆನ್ನಿಸಿತು. ಮಳೆ ಬೀಳುವಾಗ ಟೋಪಿ ಬಿಗಿದುಕೊಂಡು ಮುದುಡಿ ಕೂತರೆ ಬಟ್ಟೆಯ ಮೇಲೆ ಹನಿ ಬಡಿಯುವ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಎಷ್ಟೋ ಭಾನುವಾರ ನನ್ನ ಐವತ್ತು ಮೀಟರ್ ಹತ್ತಿರ ಜನ ಮಾತಾಡಿಕೊಂಡು ಹೋದದ್ದು ನನಗೆ ಆಮೇಲೆ ಗೊತ್ತಾಗಿದೆ. ಆಗೆಲ್ಲ ನಾನು ಹುಡುಕುತ್ತಿದ್ದುದು ಒಂದೇ: ಗಾಳಿಗೆ ಬೆನ್ನು ಕೊಡಬಹುದಾದ ಒಂದು ಕಲ್ಲು. ಗೋಡೆಗಳ ಆಚೆಬದಿ ನೋಡಿದ್ದಾರೆಯೇ ಎಂದು ಕೇಳಿದೆ. ಒಡತಿ ನನ್ನನ್ನು ಒಮ್ಮೆ ನೋಡಿ, ಕಾಳಿಯನ್ನು ದಾರಿಯಿಂದ ಕೆಳಕ್ಕೆ, ಗಾಳಿ ಬಡಿಯದ ಬದಿಗೆ ತಿರುಗಿಸಿದಳು.

ಹತ್ತು ನಿಮಿಷವಾಗಿರಬೇಕು. ಹಸಿರು ದೀಪ ಥಟ್ಟನೆ ನಿಂತಿತು, ಅಡ್ಡಕ್ಕೆ ಹೊರಳಿತು, ಕತ್ತಲಲ್ಲಿ ಮಾಯವಾಯಿತು. ನಾವಿಬ್ಬರೂ ನಿಂತೆವು. ಗಂಟೆಯ ಸದ್ದು ದೂರ ಹೋಯಿತು; ನಿಂತಿತು; ನಮ್ಮ ಕಡೆಗೆ ಓಡಿ ಬಂತು. ಕಾಳಿ ಬೊಗಳಿದಳು.

ಆತ ಹಾಳು ಕುರಿದೊಡ್ಡಿಯ ಮೂಲೆಯಲ್ಲಿ ಕಪ್ಪು ಜಾಕೆಟ್ಟಿನಲ್ಲಿ ಮುದುಡಿದ್ದ. ಕಾಲು ಉಳುಕಿತ್ತು. ದಾರಿಯಿಂದ ಅಲ್ಲಿಗೆ ನಕ್ಷೆಯಲ್ಲಿ ಅಳೆದರೆ ಅರವತ್ತು ಮೀಟರೂ ಇರಲಿಲ್ಲ. ಸೀಟಿಯೂ ಇತ್ತು, ಚೀಲದ ಪಟ್ಟಿಯಲ್ಲೇ ಹೊಲಿದಿತ್ತು. ನಿಮಿಷಕ್ಕೆ ಆರು ಸಲ ಊದಿ ಒಂದು ನಿಮಿಷ ತಡೆದು ಮತ್ತೆ ಊದಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಅದು ಸೀಟಿ ಎಂಬುದೇ ಗೊತ್ತಿರಲಿಲ್ಲ. ಮಾತು ತೊದಲುತ್ತಿತ್ತು, ಆದರೆ ಇನ್ನೂ ನಡುಗುತ್ತಿದ್ದ. ಆ ನಡುಕ ಕಂಡು ನನಗೆ ಆದ ಸಂತೋಷ ಅವನಿಗೆ ಅರ್ಥವಾಗಿರಲಾರದು. ಒದ್ದೆ ಬಟ್ಟೆಯ ಮೇಲೆಯೇ ದಪ್ಪ ಚೀಲ ಹೊದಿಸಿ, ಮೂವರೂ ಒಂದೇ ಗುಡಾರಬಟ್ಟೆಯೊಳಗೆ ಕೂತೆವು. ಕಾಳಿ ಬಂದು ನನ್ನ ಕಂಕುಳನ್ನು ಮೂಸಿದಳು. ಚೆಂಡು ಒಡತಿಯ ಬಳಿ ಇತ್ತು. ಕತ್ತಲಲ್ಲಿ, ಮಳೆಯಲ್ಲಿ, ಕಾಲು ಉಳುಕಿದವನೊಬ್ಬನ ಎದುರಿನಲ್ಲಿ ನಾವಿಬ್ಬರೂ ಸರದಿಯ ಮೇಲೆ ಎದ್ದು ನಾಯಿಯ ಜೊತೆ ಚೆಂಡಾಡಿದೆವು. ಆಡಲೇಬೇಕು, ಅದರ ಕೂಲಿ ಅದು.

ಸ್ಟ್ರೆಚರ್ ಬರಲು ಒಂದು ಗಂಟೆ, ಹೊತ್ತು ಇಳಿಸಲು ಎರಡು. ಹಾರ್ಟ್ಸಪ್ ಎಂಬ ಹಳ್ಳಿಯಲ್ಲಿ ಆಂಬುಲೆನ್ಸ್ ಕಾಯುತ್ತಿತ್ತು. ಎಂಟು ಜನ ಹೊರುತ್ತಾರೆ, ಎಂಟು ಜನ ಪಕ್ಕದಲ್ಲಿ ನಡೆಯುತ್ತಾರೆ, ಕೆಲವೇ ನಿಮಿಷಕ್ಕೊಮ್ಮೆ ಕೈ ಬದಲಾಗುತ್ತದೆ. ನನ್ನ ಕುಳ್ಳು ಎತ್ತರದಿಂದಾಗಿ ಯಾವ ಬದಿಗೆ ನಿಂತರೂ ಆ ಬದಿ ತಗ್ಗುತ್ತದೆ. ಹಾಗಾಗಿ ಮುಂದೆ ದೀಪ ಹಿಡಿದು “ಕಲ್ಲು”, “ಹೊಂಡ”, “ಮೆಟ್ಟಿಲು” ಎಂದು ಕೂಗುವ ಕೆಲಸ ನನಗೆ ಖಾಯಂ.

ನೆಲೆಯಲ್ಲಿ ಹಗ್ಗ ಒಣಹಾಕಿ, ಚೀಲ ತೊಳೆದು, ವರದಿ ಬರೆಯುವಾಗ ನಾಲ್ಕು ಗಂಟೆ. ಎಲ್ಲ ಹುಡುಕಾಟಗಳೂ ಹೀಗೆ ಮುಗಿಯುವುದಿಲ್ಲ. ಬೆಟ್ಟವೇ ಅಲ್ಲದ ಕಡೆ, ನದಿಯ ದಂಡೆಯಲ್ಲಿ, ಮನೆಯ ಹಿತ್ತಲಿನ ಕಾಡಿನಲ್ಲಿ, ಮರೆವಿನ ಕಾಯಿಲೆಯ ಹಿರಿಯರನ್ನೋ, ಬದುಕು ಸಾಕೆನ್ನಿಸಿ ಮನೆ ಬಿಟ್ಟವರನ್ನೋ ಹುಡುಕಿದ್ದೇವೆ. ಅವುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಂಥ ರಾತ್ರಿಯ ಮರುದಿನ ತಂಡದವರು ಯಾರಾದರೂ ಫೋನ್ ಮಾಡಿ ಏನು ಅಡುಗೆ ಎಂದು ವಿಚಾರಿಸುತ್ತಾರೆ. ಅಡುಗೆಯ ವಿಷಯವೇ ಮಾತಾಡುತ್ತೇವೆ.

ಆ ದಿನ ಕಾರು ಹತ್ತುವಾಗ ಕಾಳಿಯ ಒಡತಿ ಕಿಟಕಿ ತಟ್ಟಿದಳು. ಹೊಸ ಲ್ಯಾಬ್ರಡಾರ್ ಮರಿಯೊಂದು ಬಂದಿದೆಯಂತೆ, ಭಾನುವಾರ ಮಲಗಲು ಬರುತ್ತೀಯಾ ಎಂದಳು. ಚೀಲ ಇನ್ನೂ ಒಣಗಿಲ್ಲ ಎಂದೆ. ಒದ್ದೆಯಾಗಿದ್ದರೆ ವಾಸನೆ ಚೆನ್ನಾಗಿ ಬರುತ್ತದೆ ಎಂದಳು.