ಹಳೆ ಧಾರಣೆಯ ಕಾಟ ನಿಂತದ್ದು ಹೇಗೆ: ನನ್ನ ಅನುಭವ

ಶಿವಮೊಗ್ಗ, ಶಿರಸಿ ಕಡೆಯ ಅಡಿಕೆ ಧಾರಣೆ ತೋರಿಸುವ ಆ್ಯಪ್ ಒಂದನ್ನು ನೋಡಿಕೊಳ್ಳುವುದು ನನ್ನ ಕೆಲಸ. ದರ ಬೇಗ ಸಿಗಲೆಂದು ಡೇಟಾಬೇಸ್‌ನಿಂದ ತೆಗೆದ ಪ್ರತಿಯನ್ನು ರೆಡಿಸ್ ಎಂಬ ಕ್ಯಾಶ್‌ನಲ್ಲಿ, ಅಂದರೆ ತಾತ್ಕಾಲಿಕ ಸಂಗ್ರಹದಲ್ಲಿ, ಇಟ್ಟಿರುತ್ತೇವೆ. ದರ ಬದಲಾದರೂ ಅಲ್ಲಿ ಹಳೆಯದೇ ಉಳಿಯುತ್ತಿತ್ತು. ಟಿಟಿಎಲ್ (ಆ ಪ್ರತಿಯ ಆಯಸ್ಸು) ಇಳಿಸದೆ, ಫ್ಲಶ್ ಮಾಡಿ ಕ್ಯಾಶ್ ಖಾಲಿ ಮಾಡದೆ, ಸರ್ವರ್ ದೊಡ್ಡದು ಮಾಡದೆ ಹಳೆ ದರದ ಕಾಟ ನಿಲ್ಲಿಸಬಹುದು ಎಂದಾಗ ಜೊತೆಯವರು ಯಾರೂ ನಂಬಲಿಲ್ಲ. ಕಳೆದ ಅಡಿಕೆ ಸುಗ್ಗಿಯಿಡೀ ಒಂದು ದೂರೂ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಆ ದಿನದ ದರವನ್ನು ಆ್ಯಪ್‌ಗೆ ಏರಿಸಿದ (ಅಪ್‌ಲೋಡ್ ಮಾಡಿದ) ಮೇಲೆ ಅಡಿಕೆಯ ದರ್ಜೆಗಳಲ್ಲಿ ಸರಕು, ಬೆಟ್ಟೆಗೆ ಹೊಸ ದರ ಕಾಣುತ್ತಿತ್ತು, ರಾಶಿಗೆ ಮಾತ್ರ ನಿನ್ನೆಯದು. ಮರುದಿನ ಗೊರಬಲಿನ ಸರದಿ. ಸಂಜೆ ಹೊತ್ತಿಗೆ ತಾನಾಗಿ ಸರಿಹೋಗುತ್ತಿತ್ತು. ಕ್ವಿಂಟಲ್‌ಗೆ ಸಾವಿರ ರೂಪಾಯಿ ಆಚೀಚೆ ಆದ ದಿನ ಹತ್ತು ಕ್ವಿಂಟಲ್ ತಂದ ಬೆಳೆಗಾರನಿಗೆ ಅದು ಹತ್ತು ಸಾವಿರದ ಮಾತು. ಫೋನ್ ಮಾಡಿ ಬೈದವರದ್ದು ತಪ್ಪಲ್ಲ.

ಮೊದಲು ನಡೆದದ್ದು ಎಲ್ಲರೂ ಮಾಡುವುದೇ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಿಂದ ಗಂಟೆಗೊಮ್ಮೆ ಫ್ಲಶ್‌ಆಲ್. ದರ ನೋಡಲು ಜನ ಮುಗಿಬೀಳುವ ಹೊತ್ತಿಗೇ ಕ್ಯಾಶ್ ಖಾಲಿಯಾಗಿ ಅಷ್ಟೂ ಹೊರೆ ನಮ್ಮ ಮೈಎಸ್‌ಕ್ಯುಎಲ್ ಡೇಟಾಬೇಸ್ ಮೇಲೆ ಬಿತ್ತು. ಯಂತ್ರ ದೊಡ್ಡದು ಮಾಡಿದರು. ತಿಂಗಳಿಗೆ ಏಳು ಸಾವಿರದ ಆಸುಪಾಸಿನಲ್ಲಿದ್ದ ಬಿಲ್ ಹದಿನೈದು ದಾಟಿತು. ಆಮೇಲೆ ಟಿಟಿಎಲ್ ಅನ್ನು 6 ಗಂಟೆಯಿಂದ 60 ಸೆಕೆಂಡಿಗೆ ತಂದರು. ಹೊರೆ ಇನ್ನೂ ಏರಿತು, ಹಳೆ ದರವೂ ಪೂರ್ತಿ ಹೋಗಲಿಲ್ಲ. ಕೆಲವು ಕೀಗಳಿಗೆ (ಕ್ಯಾಶ್‌ನಲ್ಲಿ ಒಂದೊಂದು ದರವನ್ನು ಇಟ್ಟಿರುವ ಹೆಸರು) ಟಿಟಿಎಲ್ ಕೇಳಿದರೆ -1, ಅಂದರೆ ಗಡುವೇ ಇಲ್ಲ, ಎಂದು ಬರುತ್ತಿತ್ತು. ದರ ತಿದ್ದುವ ಪುಟ್ಟ ಸ್ಕ್ರಿಪ್ಟ್ ಬರೀ ಸೆಟ್ (ಹೊಸ ಮೌಲ್ಯ ಬರೆಯುವ ಆದೇಶ) ಮಾಡುತ್ತಿತ್ತು, ಹಾಗೆ ಮಾಡಿದರೆ ಕೀಯ ಮೊದಲಿನ ಗಡುವು ಅಳಿಸಿಹೋಗುತ್ತದೆ. ಆ ಗಡುವನ್ನು ಉಳಿಸಿಕೊಳ್ಳಲು ರೆಡಿಸ್ 6.0ರಿಂದ ಕೀಪ್‌ಟಿಟಿಎಲ್ ಇದೆ, ಅದನ್ನು ಸೇರಿಸಿದೆ. ಆದರೆ ಅದು ರೋಗದ ಒಂದು ಕವಲು ಅಷ್ಟೇ.

ಬುಡ ಸಿಕ್ಕಿದ್ದು ಪ್ರತಿ ಉತ್ತರದ ಜೊತೆಗೂ ಆ ದರ ಡೇಟಾಬೇಸ್‌ನಲ್ಲಿ ಬದಲಾದ ಸಮಯ, ಕ್ಯಾಶ್‌ಗೆ ಬಿದ್ದ ಸಮಯ, ಅದನ್ನು ಯಾವ ಡೇಟಾಬೇಸ್‌ನಿಂದ ಓದಿದ್ದು, ಈ ಮೂರನ್ನೂ ಕಳುಹಿಸಲು ಶುರುಮಾಡಿದ ಮೇಲೆ. ದಾರಿಯಲ್ಲಿ ಪ್ರತಿ ಇಟ್ಟು ಕೊಡುವ ಸಿಡಿಎನ್ ಸರ್ವರ್‌ಗಳ ಏಜ್ ಹೆಡರ್, ಅಂದರೆ ಪ್ರತಿ ಎಷ್ಟು ಹಳೆಯದು ಎಂಬ ಲೆಕ್ಕ, ಸಣ್ಣದಿತ್ತು, ಹಾಗಾಗಿ ಸಿಡಿಎನ್ ನಿರಪರಾಧಿ. ಹಳೆ ದರ ಬಂದಾಗಲೆಲ್ಲ ಓದಿದ್ದು ರೆಪ್ಲಿಕಾದಿಂದ (ಪ್ರೈಮರಿ ಎಂಬ ಮುಖ್ಯ ಡೇಟಾಬೇಸನ್ನು ತುಸು ತಡವಾಗಿ ಹಿಂಬಾಲಿಸುವ ನಕಲು), ಅದೂ ಹೊಸ ದರ ಏರಿಸಿದ ಒಂದೆರಡು ಸೆಕೆಂಡಿನೊಳಗೆ. ಪ್ರೈಮರಿಯಲ್ಲಿ ಹೊಸ ದರ ಬರೆದು ಕೀ ಅಳಿಸುತ್ತೇವೆ. ಆ ಕ್ಷಣ ಬಂದ ಓದುಗನಿಗೆ ಕ್ಯಾಶ್‌ನಲ್ಲಿ ಏನೂ ಇಲ್ಲ, ಆತ ರೆಪ್ಲಿಕಾಗೆ ಹೋಗುತ್ತಾನೆ, ಅದು ಇನ್ನೂ ಹಿಂದಿದೆ. ಹಳೆಯದನ್ನೇ ತಂದು ಹೊಸ ಗಡುವಿನೊಂದಿಗೆ ಕ್ಯಾಶ್‌ಗೆ ಹಾಕುತ್ತಾನೆ. ಅದನ್ನು ಅಳಿಸುವವರು ಮತ್ಯಾರೂ ಇಲ್ಲ.

ಕೀಯನ್ನು ಸ್ವಲ್ಪ ತಡೆದು ಎರಡನೇ ಸಲ ಅಳಿಸಿ ನೋಡಿದೆ. ರೆಪ್ಲಿಕಾ ಮೇಲೆ ದೊಡ್ಡ ವರದಿ ಓಡುವ ದಿನ ಅದು ಸಾಲದು. ಫೇಸ್‌ಬುಕ್‌ನವರು 2013ರಲ್ಲಿ ತಮ್ಮ ಮೆಮ್‌ಕ್ಯಾಶ್ ಎಂಬ ಕ್ಯಾಶ್ ಬಗ್ಗೆ ಬರೆದ ಲೀಸ್ ಪದ್ಧತಿಯನ್ನೂ (ಓದಲು ಹೊರಟವರಿಗೆ ಚೀಟಿ ಕೊಟ್ಟು, ಕೀ ಅಳಿಸಿದರೆ ಆ ಚೀಟಿ ರದ್ದು ಮಾಡುವುದು) ಮಾಡಿ ನೋಡಿದೆ. ಕೀ ಅಳಿಸುವ ಮೊದಲೇ ಓದಲು ಹೊರಟವರನ್ನು ಅದು ತಡೆಯುತ್ತದೆ. ಅಳಿಸಿದ ಮೇಲೆ ಹೊರಟು, ಹಿಂದುಳಿದ ರೆಪ್ಲಿಕಾದಿಂದ ಓದಿ ಬಂದವರನ್ನಲ್ಲ. ನಮ್ಮ ಕಾಟ ಇವರದೇ.

ಕೊನೆಗೆ ಅಳಿಸುವುದನ್ನೇ ಬಿಟ್ಟೆ. ಪ್ರತಿ ದರದ ಸಾಲಿಗೂ ಏರುತ್ತಲೇ ಹೋಗುವ ಒಂದು ಆವೃತ್ತಿ ಸಂಖ್ಯೆ ಕೊಟ್ಟೆ. ಬದಲಾವಣೆ ಡೇಟಾಬೇಸ್‌ನಲ್ಲಿ ಕಮಿಟ್ (ಖಾಯಂ) ಆದ ಕೂಡಲೇ ದರ ಬರೆದ ಕೋಡೇ ಹೊಸ ದರವನ್ನೂ ಸಂಖ್ಯೆಯನ್ನೂ ರೆಡಿಸ್‌ಗೆ ಹಾಕುತ್ತದೆ. ಓದುವವರು ಏನಾದರೂ ಹಾಕಬೇಕಾದರೆ ರೆಡಿಸ್‌ನೊಳಗೇ ಓಡುವ ನಾಲ್ಕೈದು ಸಾಲಿನ ಲುವಾ ಸ್ಕ್ರಿಪ್ಟ್ ಮೂಲಕವೇ ಹಾಕಬೇಕು. ಅಲ್ಲಿರುವುದಕ್ಕಿಂತ ಸಂಖ್ಯೆ ಚಿಕ್ಕದಾದರೆ ಬರಹ ತಿರಸ್ಕಾರ. ಸಂಖ್ಯೆ ಬೇರೆಯೇ ಕೀಯಲ್ಲಿರುತ್ತದೆ, ದರಕ್ಕಿಂತ ಹೆಚ್ಚು ಆಯಸ್ಸು ಕೊಟ್ಟಿದ್ದೇನೆ. ಅಪ್‌ಡೇಟೆಡ್-ಅಟ್ (ಸಾಲು ಕೊನೆಗೆ ಬದಲಾದ ಸಮಯ) ಅನ್ನೇ ಸಂಖ್ಯೆಯಾಗಿ ಬಳಸಲು ಹೋಗಬೇಡಿ, ಡೇಟ್‌ಟೈಮ್ ಕಾಲಂ ಸುಮ್ಮನೆ ಬಿಟ್ಟರೆ ಸೆಕೆಂಡಿಗೇ ನಿಲ್ಲುತ್ತದೆ, ಒಂದೇ ಸೆಕೆಂಡಿನ ಎರಡು ತಿದ್ದುಪಡಿಗಳಲ್ಲಿ ಯಾವುದು ಮುಂದಿನದು ಎಂದು ತಿಳಿಯುವುದಿಲ್ಲ. ಎರಡು ಮಾರುಕಟ್ಟೆಯವರು ಒಟ್ಟಿಗೆ ದರ ಏರಿಸಿದಾಗ ನಾನು ಸಂಖ್ಯೆ ಹುಟ್ಟಿಸುವ ರೀತಿಯನ್ನು ಇಲ್ಲಿ ಬಿಚ್ಚಿಡುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ಇದರ ನಡುವೆ ಫೋನ್ ಕಡೆಯೂ ಒಂದು ಪ್ರಯೋಗ ಮಾಡಿದೆ. ಸರ್ವಿಸ್ ವರ್ಕರ್ (ಫೋನಿನಲ್ಲೇ ಪ್ರತಿ ಇಟ್ಟು ಕೊಡುವ ಕೋಡ್) ದರವನ್ನು ಮೊದಲು ಫೋನಿನಿಂದಲೇ ಕೊಡುತ್ತಿತ್ತು, ಅದನ್ನು ನೆಟ್‌ವರ್ಕ್ ಮೊದಲು ಎಂದು ಬದಲಿಸಿದೆ. ಸಾಗರದಾಚೆಯ ಹಳ್ಳಿಗಳಲ್ಲಿ ಸಿಗ್ನಲ್ ಇಲ್ಲದೆ ಪರದೆ ಬಿಳಿಯಾಗಿ ನಿಂತಿತು. ಈಗ ಮೂರು ಸೆಕೆಂಡ್ ಕಾದು, ಬಾರದಿದ್ದರೆ ಹಳೆಯದನ್ನೇ ತೋರಿಸಿ, ಪಕ್ಕದಲ್ಲಿ ‘ನಿನ್ನೆ ಮಧ್ಯಾಹ್ನದ ದರ’ ಎಂದು ದಪ್ಪಕ್ಷರದಲ್ಲಿ ಹಾಕುತ್ತೇವೆ. ಜನಕ್ಕೆ ಇದು ಬಹಳ ಹಿಡಿಸಿದೆ.

ತಿರಸ್ಕೃತ ಬರಹಗಳ ಲೆಕ್ಕ ಇಡುತ್ತೇನೆ. ಹೊಸ ದರ ಆ್ಯಪ್‌ಗೆ ಏರುವ ಅರ್ಧ ಗಂಟೆಯಲ್ಲಿ ಮೂವತ್ತು ನಲವತ್ತು ಸಲ ಹಳೆ ದರ ಒಳಗೆ ಬರಲು ನೋಡುತ್ತದೆ, ಬರಲಾಗುವುದಿಲ್ಲ. ಯಂತ್ರವನ್ನು ಮೊದಲಿನ ಗಾತ್ರಕ್ಕೇ ಇಳಿಸಿದೆವು, ಬಿಲ್ ಮತ್ತೆ ಏಳು ಸಾವಿರದ ಹತ್ತಿರ. ದೊಡ್ಡ ಯಂತ್ರ ಬೇಕೇ ಬೇಕು ಎಂದು ಹಟ ಹಿಡಿದಿದ್ದ ಗೆಳೆಯ ತನ್ನ ಹಾಲಿನ ಲೆಕ್ಕದ ಆ್ಯಪ್‌ಗೂ ಇದನ್ನೇ ಹಾಕಿಸಿಕೊಂಡಿದ್ದಾನೆ.